ಹಪ್ಪಳದ ಸ್ಟ್ಯಾಂಡಿಗೆ ಅಲ್ಯೂಮಿನಿಯಂ ಕತ್ತರಿಸಿದ ಬಗೆ: ಗ್ರೈಂಡರ್ ಡಿಸ್ಕಿನ ಆಯ್ಕೆ ಮತ್ತು ಬಳಕೆ

ಹಲಸಿನ ಹಪ್ಪಳ, ಸಂಡಿಗೆ ಮತ್ತು ಕಾಳುಮೆಣಸು ಒಣಗಿಸುವುದಕ್ಕಾಗಿ ಅಂಗಳದಲ್ಲಿ ಇಡಬಹುದಾದ ಐದು ಅಂತಸ್ತಿನ ಸ್ಟ್ಯಾಂಡೊಂದನ್ನು ಅಲ್ಯೂಮಿನಿಯಂ ಚೌಕ ಪೈಪಿನಲ್ಲಿ ಕಟ್ಟಿದ ಕೆಲಸದ ವಿವರ ಇದು. ಸ್ಟ್ಯಾಂಡಿನ ವಿನ್ಯಾಸ ತೀರ ಸರಳವಾದದ್ದು. ಅಳತೆ ಕೊಟ್ಟರೆ ಯಾರಾದರೂ ಕಟ್ಟಬಹುದು. ಇಷ್ಟು ವಿವರವಾಗಿ ಬರೆಯುತ್ತಿರುವುದು ಪೈಪನ್ನು ಕತ್ತರಿಸುವ ಹಂತದ ಸಲುವಾಗಿ. ಕೈಯಲ್ಲಿ ಹಿಡಿಯುವ ಆ್ಯಂಗಲ್ ಗ್ರೈಂಡರಿಗೆ ಯಾವ ಡಿಸ್ಕ್ ಹಾಕಿ ಅಲ್ಯೂಮಿನಿಯಂ ಕತ್ತರಿಸಬೇಕು ಎಂಬ ಪ್ರಶ್ನೆಗೆ ನಮ್ಮ ಊರುಗಳ ಅಂಗಡಿಗಳಲ್ಲಿ ಸಿಗುವ ಉತ್ತರ ಹಲವು ಬಾರಿ ಅಪಾಯಕಾರಿಯಾಗಿರುತ್ತದೆ. ಕಬ್ಬಿಣವನ್ನು ಕತ್ತರಿಸುವಾಗ ಕಿಡಿ ಹಾರುತ್ತದೆ, ಅಂಚು ಕೆಂಪಾಗುತ್ತದೆ, ಸುಟ್ಟ ವಾಸನೆ ಬರುತ್ತದೆ. ಏನೋ ಎಡವಟ್ಟಾಗುತ್ತಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಅಲ್ಯೂಮಿನಿಯಂ ಇಂಥ ಯಾವ ಸೂಚನೆಯನ್ನೂ ಕೊಡುವುದಿಲ್ಲ. ಆದ್ದರಿಂದ ಅದನ್ನು ಕತ್ತರಿಸುವವರು ಸ್ವಿಚ್ ಒತ್ತುವ ಮೊದಲೇ, ಡಿಸ್ಕಿನ ಮೇಲಿನ ಬರಹವನ್ನು ಓದುವ ಹಂತದಲ್ಲೇ, ಹೆಚ್ಚಿನ ಎಚ್ಚರ ವಹಿಸಬೇಕಾಗುತ್ತದೆ.

ಸಾಮಗ್ರಿ ಮತ್ತು ಅಳತೆ

ಶಿರಸಿಯ ಕಡೆ ಹಪ್ಪಳದ ಕಾಲವೆಂದರೆ ಏಪ್ರಿಲ್ ಮತ್ತು ಮೇ ತಿಂಗಳು. ಮಧ್ಯಾಹ್ನದವರೆಗೆ ಸುಡುವ ಬಿಸಿಲಿದ್ದು, ಸಂಜೆಯ ಹೊತ್ತಿಗೆ ಹೇಳದೆ ಕೇಳದೆ ಮಳೆ ಸುರಿಯುವುದು ಆ ದಿನಗಳ ಸ್ವಭಾವ. ಹೀಗಿರುವಾಗ ಇಬ್ಬರು ಸೇರಿ ತಟ್ಟೆಗಳ ಸಮೇತ ಎತ್ತಿ ಜಗಲಿಗೆ ತರುವಂತಿರಬೇಕೆಂಬುದೇ ಸ್ಟ್ಯಾಂಡಿನ ಮುಖ್ಯ ಷರತ್ತಾಗಿತ್ತು. 25 ಮಿ.ಮೀ. ಅಗಲದ, 1.5 ಮಿ.ಮೀ. ಗೋಡೆಯ ಚೌಕ ಪೈಪು ಅಲ್ಯೂಮಿನಿಯಮ್ಮಿನದಾದರೆ ಮೀಟರಿಗೆ ಸುಮಾರು 380 ಗ್ರಾಂ ತೂಗುತ್ತದೆ, ಅದೇ ಅಳತೆಯ ಕಬ್ಬಿಣದ ಪೈಪು 1.1 ಕಿಲೋ ತೂಗುತ್ತದೆ. ಇಡೀ ಚೌಕಟ್ಟಿಗೆ ಹನ್ನೊಂದು ಮೀಟರಿಗಿಂತ ತುಸು ಕಡಿಮೆ ಪೈಪು ಬೇಕಾಗುವುದರಿಂದ, ನಾಲ್ಕು ಕಿಲೋ ಮತ್ತು ಹನ್ನೆರಡು ಕಿಲೋಗಳ ನಡುವಿನ ವ್ಯತ್ಯಾಸವೇ ಆಯ್ಕೆಯನ್ನು ನಿರ್ಧರಿಸಿತು.

ಅಂಗಡಿಗಳಲ್ಲಿ ಅಲ್ಯೂಮಿನಿಯಂ ಸೆಕ್ಷನ್ ಎಂದು ಕರೆಯುವ ಈ ಪೈಪುಗಳು ಸಾಮಾನ್ಯವಾಗಿ 6063 ಎಂಬ ಮಿಶ್ರಲೋಹದವು. ಹಳೆಯ ಕೆಲಸಗಾರರು ಇದನ್ನು ಎಚ್‌ಇ 9 ಎಂದೂ ಹೇಳುತ್ತಾರೆ. ಕಿಟಕಿ, ಬಾಗಿಲುಗಳ ಚೌಕಟ್ಟಿಗೆ ಬಳಸುವ, ನಯವಾದ ಮೈಯುಳ್ಳ, ಸ್ವಲ್ಪ ಮೆತ್ತಗಿನ ಲೋಹ ಇದು. ನಾನು ಕೊಂಡದ್ದು 12 ಅಡಿಯ ಮೂರು ಚೌಕ ಪೈಪು ಮತ್ತು ತಟ್ಟೆಗಳು ಕೂರಲು 20 ಮಿ.ಮೀ. ಎಲ್ ಆಕಾರದ ಆ್ಯಂಗಲ್ ಒಂದು. 12 ಅಡಿಯೆಂದರೆ 3,657 ಮಿ.ಮೀ. ಎರಡು ಪೈಪುಗಳಿಂದ ತಲಾ 1,500 ಮಿ.ಮೀ.ನ ಎರಡೆರಡು ಕಂಬಗಳು, ಉಳಿದ ತುಂಡಿನಿಂದ ತಲಾ 320 ಮಿ.ಮೀ.ನ ಎರಡೆರಡು ಅಡ್ಡಪಟ್ಟಿಗಳು. ಮೂರನೆಯ ಪೈಪಿನಿಂದ 850 ಮಿ.ಮೀ.ನ ನಾಲ್ಕು ಉದ್ದಪಟ್ಟಿಗಳು. ಆ್ಯಂಗಲ್ಲಿನಿಂದ 360 ಮಿ.ಮೀ.ನ ಹತ್ತು ತುಂಡುಗಳು. ಆ್ಯಂಗಲ್ಲಿನಲ್ಲಿ ಹತ್ತೂ ತುಂಡು ತೆಗೆದ ಮೇಲೆ ಉಳಿಯುವುದು 57 ಮಿ.ಮೀ. ಮಾತ್ರ. ಪ್ರತಿ ಕತ್ತರಿಕೆಯಲ್ಲಿ ಡಿಸ್ಕ್ ತಾನೇ ತಿಂದುಬಿಡುವ ಲೋಹವನ್ನೂ, ಅರ ಹಾಕಿ ಗೆರೆಗೆ ತರಲು ಬಿಡುವ ಒಂದು ಮಿ.ಮೀ.ನಷ್ಟು ಹೆಚ್ಚಳವನ್ನೂ ಈ ಉಳಿಕೆಯೊಳಗೇ ಲೆಕ್ಕ ಹಾಕಬೇಕು. ಡಿಸ್ಕ್ ತೆಳುವಾಗಿರಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

ಮೂಲೆಗಳಿಗೆ, ಪೈಪಿನ ಬಾಯೊಳಗೆ ಬಿಗಿಯಾಗಿ ತೂರುವ ಮೂರು ಕವಲಿನ ನೈಲಾನ್ ಜೋಡಣೆಗಳನ್ನು ತಂದೆ. ಇವುಗಳ ಅಂಚು ಪೈಪಿನ ಬಾಯಿಗೆ ಸಮನಾಗಿ ಕೂರಬೇಕಾದುದರಿಂದ ಕತ್ತರಿಕೆ ಒಂದು ಮಿ.ಮೀ. ಓರೆಯಾದರೂ ಸಂದು ಕಾಣುತ್ತದೆ, ಚೌಕಟ್ಟು ಅಲುಗಾಡುತ್ತದೆ.

ಹಲ್ಲಿನ ಬ್ಲೇಡು ಏಕೆ ಬೇಡ

ಅಲ್ಯೂಮಿನಿಯಂ ಕತ್ತರಿಸಬೇಕು ಎಂದಾಕ್ಷಣ ಅನೇಕ ಅಂಗಡಿಗಳಲ್ಲಿ ಮುಂದೆ ತಂದಿಡುವುದು ನಾಲ್ಕಿಂಚಿನ, ಮೂವತ್ತು ಅಥವಾ ನಲವತ್ತು ಹಲ್ಲುಗಳ ಕಾರ್ಬೈಡ್ ಬ್ಲೇಡನ್ನು. ಮರ ಕೊಯ್ಯಲೆಂದು ಮಾಡಿದ ಬ್ಲೇಡು ಅದು. ಅದನ್ನು ಗ್ರೈಂಡರಿಗೆ ಹಾಕಿ ಕಿಟಕಿ ಸೆಕ್ಷನ್ ಕತ್ತರಿಸುವವರನ್ನು ಎಲ್ಲ ಊರುಗಳಲ್ಲೂ ನೋಡಬಹುದು. ಕತ್ತರಿಕೆ ಬೇಗ ಆಗುತ್ತದೆ, ಅಂಚೂ ನುಣುಪಾಗಿ ಬರುತ್ತದೆ ಎಂಬುದು ನಿಜ. ಆದರೂ ಇದನ್ನು ನಾನು ಯಾರಿಗೂ ಹೇಳುವುದಿಲ್ಲ, ಯಾರಾದರೂ ಬಳಸುತ್ತಿದ್ದರೆ ಬಿಡಿ ಎಂದು ಕೇಳಿಕೊಳ್ಳುತ್ತೇನೆ.

ಕಾರಣವನ್ನು ಲೆಕ್ಕ ಹಾಕಿಯೇ ನೋಡಬಹುದು. 110 ಮಿ.ಮೀ. ವ್ಯಾಸದ ಬ್ಲೇಡಿನಲ್ಲಿ ನಲವತ್ತು ಹಲ್ಲುಗಳಿದ್ದರೆ ಒಂದು ಹಲ್ಲಿನಿಂದ ಇನ್ನೊಂದಕ್ಕೆ ಸುಮಾರು 8.6 ಮಿ.ಮೀ. ಅಂತರವಿರುತ್ತದೆ. ನಮ್ಮ ಪೈಪಿನ ಗೋಡೆಯ ದಪ್ಪ 1.5 ಮಿ.ಮೀ. ಮಾತ್ರ. ಅಂದರೆ ಬ್ಲೇಡು ಗೋಡೆಗೆ ನೇರವಾಗಿ ತಾಗಿದಾಗ ಎರಡು ಹಲ್ಲುಗಳ ನಡುವಿನ ಖಾಲಿ ಜಾಗದೊಳಗೆ ಇಡೀ ಗೋಡೆಯೇ ಇಳಿದುಬಿಡುತ್ತದೆ, ಮುಂದಿನ ಹಲ್ಲು ಅದನ್ನು ಸಿಪ್ಪೆಯಂತೆ ಎಬ್ಬಿಸುವ ಬದಲು ಪೂರ್ತಿಯಾಗಿ ಕೊಕ್ಕೆ ಹಾಕಿ ಎಳೆಯುತ್ತದೆ. ಮೆತ್ತಗಿನ ಲೋಹವಾದುದರಿಂದ ಅಲ್ಯೂಮಿನಿಯಂ ಮುರಿಯುವುದಿಲ್ಲ, ಹಲ್ಲಿಗೆ ಅಂಟಿಕೊಳ್ಳುತ್ತದೆ. ಆ ಕ್ಷಣದಲ್ಲಿ ಬ್ಲೇಡು ನಿಲ್ಲುತ್ತದೆ, ಬ್ಲೇಡಿನ ತಿರುಗುವ ಬಲವೆಲ್ಲ ಗ್ರೈಂಡರಿಗೆ ವರ್ಗವಾಗಿ ಅದು ಕೈಯಿಂದ ಹಾರುತ್ತದೆ. ಮೇಜಿನ ಮೇಲೆ ಕೂರುವ ಮೈಟರ್ ಸಾ ಯಂತ್ರದಲ್ಲಿ ಲೋಹ ಬಿಗಿಯಾಗಿ ಹಿಡಿದಿರುತ್ತದೆ, ಬ್ಲೇಡಿನ ದಾರಿ ನಿಗದಿಯಾಗಿರುತ್ತದೆ, ಹಲ್ಲಿರುವ ಭಾಗವನ್ನು ತಾನೇ ಮುಚ್ಚಿಕೊಳ್ಳುವ ಗಾರ್ಡ್ ಇರುತ್ತದೆ, ಅಲ್ಯೂಮಿನಿಯಮ್ಮಿಗೆಂದೇ ಹಿಂದಕ್ಕೆ ಬಾಗಿದ ನೂರು ನೂರಿಪ್ಪತ್ತು ಹಲ್ಲುಗಳ ಬ್ಲೇಡು ಸಿಗುತ್ತದೆ. ಗ್ರೈಂಡರಿನಲ್ಲಿ ಇವ್ಯಾವುವೂ ಇಲ್ಲ. ಬ್ಲೇಡಿನ ಮೇಲೆ ನಿಮಿಷಕ್ಕೆ 13,000 ಸುತ್ತು ಎಂದು ಬರೆದಿದೆಯಲ್ಲ ಎಂದು ವಾದಿಸುವವರಿದ್ದಾರೆ. ವೇಗ ತಡೆದುಕೊಳ್ಳುತ್ತದೆಯೇ ಎಂಬುದು ಬೇರೆ ಪ್ರಶ್ನೆ, ಹಲ್ಲು ಕಚ್ಚಿಕೊಳ್ಳುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಮೊದಲನೆಯದಕ್ಕೆ ಸರಿಯಾದ ಉತ್ತರವಿದ್ದ ಮಾತ್ರಕ್ಕೆ ಎರಡನೆಯದು ಬಗೆಹರಿಯುವುದಿಲ್ಲ.

ಟೈಲ್ಸ್ ಕತ್ತರಿಸುವ ಡೈಮಂಡ್ ಬ್ಲೇಡ್ ಕಚ್ಚುವುದಿಲ್ಲವಾದರೂ ಅಲ್ಯೂಮಿನಿಯಮ್ಮಿನಲ್ಲಿ ಬೇಗನೆ ಮೆತ್ತಿಕೊಂಡು ಬರೀ ಉಜ್ಜತೊಡಗುತ್ತದೆ. ಅದನ್ನು ಟೈಲ್ಸಿಗೇ ಬಿಡುವುದು ಒಳ್ಳೆಯದು.

ಯಾವ ಡಿಸ್ಕ್ ಬೇಕು

ಉಳಿದದ್ದು ರಾಳದಲ್ಲಿ ಮರಳಿನಂಥ ಗಟ್ಟಿ ಕಣಗಳನ್ನು ಬೆಸೆದು, ನಡುವೆ ನಾರಿನ ಬಲೆ ಹಾಕಿ ಮಾಡಿದ ತೆಳು ಕಟಿಂಗ್ ಡಿಸ್ಕ್. ಇದರ ಕಣಗಳು ಕೂದಲೆಳೆಯಷ್ಟೇ ಲೋಹವನ್ನು ತೆಗೆಯಬಲ್ಲವಾದುದರಿಂದ ಹಲ್ಲಿನಂತೆ ಕೊಕ್ಕೆ ಹಾಕಲಾರವು. ಆದರೆ ಕಬ್ಬಿಣಕ್ಕೆಂದು ಮಾಡಿದ ಸಾಮಾನ್ಯ ಡಿಸ್ಕೂ ಅಲ್ಯೂಮಿನಿಯಮ್ಮಿಗೆ ಹೊಂದುವುದಿಲ್ಲ. ಕಬ್ಬಿಣದ ಪುಡಿ ಗಾಳಿಯಲ್ಲಿ ಉರಿದು ಕಿಡಿಯಾಗಿ ಹಾರಿಹೋಗುತ್ತದೆ; ಮೊಂಡಾದ ಕಣ ಉದುರಿ, ಕೆಳಗಿನ ಚೂಪಾದ ಕಣ ಮೇಲೆ ಬರುತ್ತದೆ. ಅಲ್ಯೂಮಿನಿಯಮ್ಮಿನ ಪುಡಿ ಹಾಗಲ್ಲ. ಅದು ಬಿಸಿಗೆ ಮೆತ್ತಗಾಗಿ ಕಣಗಳ ನಡುವಿನ ಸಂದುಗಳಲ್ಲಿ ತುಂಬಿಕೊಂಡು, ಡಿಸ್ಕಿನ ಅಂಚಿಗೆ ಬೆಳ್ಳಿಯ ಬಣ್ಣದ ಪಟ್ಟಿ ಕಟ್ಟಿದಂತಾಗುತ್ತದೆ. ಆ ಬಳಿಕ ಡಿಸ್ಕ್ ಕತ್ತರಿಸುವುದಿಲ್ಲ, ಬರೀ ಉಜ್ಜುತ್ತದೆ. ಕತ್ತರಿಸುತ್ತಿಲ್ಲವೆಂದು ಹಿಡಿದವರು ಇನ್ನಷ್ಟು ಒತ್ತುತ್ತಾರೆ, ಒತ್ತಿದಷ್ಟೂ ಬಿಸಿ ಏರುತ್ತದೆ, ಬಿಸಿ ಏರಿದಷ್ಟೂ ಲೋಹ ಮೆತ್ತಿಕೊಳ್ಳುತ್ತದೆ, ಕಣಗಳನ್ನು ಹಿಡಿದಿರುವ ರಾಳ ದುರ್ಬಲವಾಗುತ್ತದೆ. ತೆಳು ಡಿಸ್ಕುಗಳು ಸಿಡಿಯುವ ದಾರಿಗಳಲ್ಲಿ ಇದೂ ಒಂದು. ಇಷ್ಟೆಲ್ಲ ನಡೆಯುವಾಗಲೂ ಕಿಡಿಯೊಂದೂ ಕಾಣುವುದಿಲ್ಲ.

ಆದ್ದರಿಂದ ಡಿಸ್ಕಿನ ಮೇಲೆ ಅಲ್ಯೂಮಿನಿಯಮ್ಮಿಗೆ ಎಂದು ತಯಾರಕರೇ ಬರೆದಿರಬೇಕು. ದೊಡ್ಡ ಕಂಪನಿಗಳ ಡಿಸ್ಕುಗಳಲ್ಲಿ ‘ಅಲು’ ಎಂಬ ಮೂರಕ್ಷರದ ಗುರುತು ಇಂಗ್ಲಿಷಿನಲ್ಲಿ ದಪ್ಪವಾಗಿ ಇರುತ್ತದೆ. ಇವುಗಳಲ್ಲಿ ಕಣಗಳನ್ನು ಹಿಡಿದಿರುವ ಬೆಸುಗೆ ತುಸು ಮೆತ್ತಗಿದ್ದು ಕಣಗಳು ಬೇಗ ಉದುರುತ್ತವೆ; ಲೋಹ ಅಂಟದಂತೆ ತಡೆಯುವ ಪದಾರ್ಥವನ್ನೂ ಸೇರಿಸಿರುತ್ತಾರೆ. ಡಿಸ್ಕ್ ಬೇಗ ಸವೆಯುತ್ತದೆ, ಬೆಲೆಯೂ ಹೆಚ್ಚು. ಬೇಗ ಸವೆಯುವುದೇ ಇಲ್ಲಿ ಅದರ ಗುಣವೆಂದು ತಿಳಿಯಬೇಕು. ಸಣ್ಣ ಊರುಗಳಲ್ಲಿ ಇದು ಸಿಗದೆ ಹೋದರೆ ಉಕ್ಕು, ಸ್ಟೇನ್‌ಲೆಸ್ ಮತ್ತು ಅಲ್ಯೂಮಿನಿಯಂ ಮೂರಕ್ಕೂ ಆಗುತ್ತದೆಂದು ನಮೂದಿಸಿರುವ 1 ಮಿ.ಮೀ. ಡಿಸ್ಕ್ ಎರಡನೆಯ ಆಯ್ಕೆ. ಅಲ್ಯೂಮಿನಿಯಮ್ಮಿನ ಹೆಸರೇ ಇಲ್ಲದ ಡಿಸ್ಕನ್ನು ನಾನು ತೆಗೆದುಕೊಳ್ಳುವುದಿಲ್ಲ.

ಡಿಸ್ಕಿನ ಮೇಲಿನ ಉಳಿದ ಬರಹವನ್ನೂ ಓದಿಕೊಳ್ಳಬೇಕು. ಇಂಗ್ಲಿಷಿನ ‘ಎ’ ಅಕ್ಷರವಿದ್ದರೆ ಕಣ ಅಲ್ಯೂಮಿನಿಯಂ ಆಕ್ಸೈಡಿನದು, ‘ಸಿ’ ಇದ್ದರೆ ಸಿಲಿಕಾನ್ ಕಾರ್ಬೈಡಿನದು. ಅಲ್ಯೂಮಿನಿಯಮ್ಮನ್ನು ಅದರದೇ ಆಕ್ಸೈಡ್ ಕತ್ತರಿಸುತ್ತದೆ ಎಂಬುದು ನನಗೆ ಇಂದಿಗೂ ಸೋಜಿಗದ ಸಂಗತಿ. ಬೆಳಗಾವಿಯ ಹಿಂಡಾಲ್ಕೋ ಕಾರ್ಖಾನೆಯಲ್ಲಿ ಬಾಕ್ಸೈಟ್ ಅದಿರಿನಿಂದ ತೆಗೆಯುವ ಅಲ್ಯುಮಿನಾ ಎಂಬ ಬಿಳಿ ಪುಡಿಯೂ ರಾಸಾಯನಿಕವಾಗಿ ಇದೇ ವಸ್ತು. ಅಕ್ಷರದ ಪಕ್ಕದ 46 ಅಥವಾ 60 ಎಂಬ ಅಂಕಿ ಕಣದ ಗಾತ್ರವನ್ನು ಹೇಳುತ್ತದೆ, ಅಂಕಿ ದೊಡ್ಡದಾದಷ್ಟೂ ಕಣ ಸಣ್ಣದು. ‘ಬಿಎಫ್’ ಎಂದರೆ ನಾರಿನ ಬಲೆಯುಳ್ಳ ರಾಳದ ಡಿಸ್ಕ್. ಈ ಎರಡು ಅಕ್ಷರಗಳಿಲ್ಲದ ತೆಳು ಡಿಸ್ಕನ್ನು ಕೈ ಗ್ರೈಂಡರಿಗೆ ಹಾಕಬಾರದು.

ಗಾತ್ರ ಮತ್ತು ವೇಗದ ಹೊಂದಿಕೆ ಇನ್ನೂ ಮುಖ್ಯವಾದದ್ದು. ನನ್ನದು 100 ಮಿ.ಮೀ. ಗ್ರೈಂಡರ್, ಅದರ ಡಿಸ್ಕಿನ ನಡುವಿನ ತೂತು 16 ಮಿ.ಮೀ., ಹೊರೆಯಿಲ್ಲದಾಗಿನ ವೇಗ ನಿಮಿಷಕ್ಕೆ 11,000 ಸುತ್ತು. ಈ ವೇಗದಲ್ಲಿ ಡಿಸ್ಕಿನ ಅಂಚು ಸೆಕೆಂಡಿಗೆ ಸುಮಾರು 58 ಮೀಟರ್, ಅಂದರೆ ಗಂಟೆಗೆ 200 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಓಡುತ್ತಿರುತ್ತದೆ. ತೆಳು ಡಿಸ್ಕುಗಳನ್ನು ಸಾಮಾನ್ಯವಾಗಿ ಸೆಕೆಂಡಿಗೆ 80 ಮೀಟರ್ ಅಂಚಿನ ವೇಗಕ್ಕೆ ಮಾಡಿರುತ್ತಾರೆ. ಯುರೋಪಿನ ಇಎನ್ 12413 ಮಾನಕವನ್ನು ಅನುಸರಿಸಿದ ಡಿಸ್ಕುಗಳಲ್ಲಿ ಇದನ್ನು ಕೆಂಪು ಪಟ್ಟಿ ಸೂಚಿಸುತ್ತದೆ. ಅದೇ 80 ಮೀಟರಿನ ಮಿತಿ 100 ಮಿ.ಮೀ. ಡಿಸ್ಕಿಗೆ ನಿಮಿಷಕ್ಕೆ ಸುಮಾರು 15,300 ಸುತ್ತು, 125 ಮಿ.ಮೀ. ಡಿಸ್ಕಿಗೆ ಸುಮಾರು 12,200, 180 ಮಿ.ಮೀ. ಡಿಸ್ಕಿಗೆ ಸುಮಾರು 8,500 ಎಂದಾಗುತ್ತದೆ. ಗಾರ್ಡ್ ಬಿಚ್ಚಿ ಸಣ್ಣ ಗ್ರೈಂಡರಿಗೆ ದೊಡ್ಡ ಡಿಸ್ಕ್ ಹಾಕುವ ಅಭ್ಯಾಸ ಏಕೆ ಜೀವಕ್ಕೆ ಅಪಾಯವೆಂಬುದು ಈ ಅಂಕಿಗಳಿಂದಲೇ ತಿಳಿಯುತ್ತದೆ: 180 ಮಿ.ಮೀ.ನದನ್ನು 11,000 ಸುತ್ತಿನ ಯಂತ್ರಕ್ಕೆ ಕೂರಿಸಿದರೆ ಕತ್ತರಿಸಲು ಆರಂಭಿಸುವ ಮೊದಲೇ ಮಿತಿ ದಾಟಿರುತ್ತದೆ. ದೊಡ್ಡ ತೂತಿನ ಡಿಸ್ಕಿಗೆ ವಾಷರ್ ತುರುಕಿ ಕೂರಿಸುವುದೂ ಅಷ್ಟೇ ಕೆಟ್ಟದ್ದು, ಏಕೆಂದರೆ ನಡುಬಿಂದು ಕೂದಲೆಳೆಯಷ್ಟು ಸರಿದರೂ ಡಿಸ್ಕ್ ನಡುಗುತ್ತದೆ.

ತೂತಿನ ಸುತ್ತಲಿನ ಲೋಹದ ಉಂಗುರದ ಮೇಲೆ ತಿಂಗಳು ಮತ್ತು ವರ್ಷವನ್ನು ಒತ್ತಿರುತ್ತಾರೆ. ಅದು ಡಿಸ್ಕಿನ ಅವಧಿ ಮುಗಿಯುವ ದಿನಾಂಕ; ರಾಳದ ಡಿಸ್ಕುಗಳಿಗೆ ತಯಾರಾದಂದಿನಿಂದ ಮೂರು ವರ್ಷ ಆಯಸ್ಸು. ಮಲೆನಾಡಿನಂಥ ತೇವದ ಜಾಗದಲ್ಲಿ ರಾಳ ನೀರು ಹೀರಿ ಬಲ ಕಳೆದುಕೊಳ್ಳುವ ಸಂಭವ ಹೆಚ್ಚಿರುವುದರಿಂದ ಈ ದಿನಾಂಕವನ್ನು ನಾನು ತಪ್ಪದೆ ನೋಡುತ್ತೇನೆ. ಡಿಸ್ಕುಗಳನ್ನು ಮುಚ್ಚಳವಿರುವ ಡಬ್ಬಿಯಲ್ಲಿ, ಚಪ್ಪಟೆಯಾಗಿ ಮಲಗಿಸಿ ಇಡುತ್ತೇನೆ. ಓರೆಯಾಗಿ ನಿಲ್ಲಿಸಿಟ್ಟರೆ ತೆಳು ಡಿಸ್ಕ್ ಡೊಂಕಾಗುತ್ತದೆ. ಹಳೆಯ ಕಲ್ಲಿನ ಗ್ರೈಂಡಿಂಗ್ ಚಕ್ರವನ್ನು ಬೆರಳಿನಿಂದ ತಟ್ಟಿ ನಾದ ಕೇಳಿ ಪರೀಕ್ಷಿಸುವ ಕ್ರಮ ಈ ರಾಳದ ಡಿಸ್ಕಿಗೆ ಅನ್ವಯಿಸುವುದಿಲ್ಲ. ಅಂಚು ಎದ್ದಿದೆಯೇ, ಬಿರುಕಿದೆಯೇ, ಬಾಗಿದೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು, ಒಮ್ಮೆ ಕೆಳಗೆ ಬಿದ್ದದ್ದನ್ನು ಎಸೆಯಬೇಕು.

ಕತ್ತರಿಸುವ ಮೊದಲು

ಜಾಗವನ್ನು ಅಂಗಳದಲ್ಲೇ ಆರಿಸಿಕೊಂಡೆ. ಮುಚ್ಚಿದ ಕೋಣೆಯಲ್ಲಿ ಅಲ್ಯೂಮಿನಿಯಂ ದೂಳು ಎಬ್ಬಿಸಬಾರದು, ಅದರ ಕಾರಣವನ್ನು ಮುಂದೆ ಹೇಳುತ್ತೇನೆ. ವಿದ್ಯುತ್ತನ್ನು 30 ಮಿಲಿಆ್ಯಂಪಿಯರಿನ ಆರ್‌ಸಿಸಿಬಿ, ಅಂದರೆ ವಿದ್ಯುತ್ ಸೋರಿದರೆ ತಕ್ಷಣ ಸಂಪರ್ಕ ಕಡಿಯುವ ಸ್ವಿಚ್, ಇರುವ ಸಾಲಿನಿಂದ ತೆಗೆದುಕೊಂಡೆ. ಡಿಸ್ಕ್ ಹಾಕುವಾಗ ಪ್ಲಗ್ ಕಿತ್ತಿರಬೇಕು. ಸ್ವಿಚ್ ಆಫ್ ಇದೆ ಎಂಬುದು ಸಾಲದು.

ಡಿಸ್ಕ್ ಬದಲಿಸುವ ಮೊದಲು ಗಾರ್ಡಿನ ಒಳಭಾಗವನ್ನೂ, ಡಿಸ್ಕನ್ನು ಎರಡೂ ಬದಿಯಿಂದ ಹಿಡಿಯುವ ಬಿಲ್ಲೆಗಳಾದ ಫ್ಲ್ಯಾಂಜುಗಳನ್ನೂ ಒಣ ಬ್ರಷ್ಷಿನಿಂದ ಚೊಕ್ಕಟಗೊಳಿಸಿದೆ. ಇದು ಬರೀ ಅಚ್ಚುಕಟ್ಟಿನ ಪ್ರಶ್ನೆಯಲ್ಲ. ಇದೇ ಗ್ರೈಂಡರಿನಲ್ಲಿ ಕಬ್ಬಿಣವನ್ನೂ ಕತ್ತರಿಸುವುದರಿಂದ ಗಾರ್ಡಿನೊಳಗೆ ತುಕ್ಕಿನ, ಅಂದರೆ ಕಬ್ಬಿಣದ ಆಕ್ಸೈಡಿನ ಪುಡಿ ಕೂತಿರುತ್ತದೆ. ಅಲ್ಯೂಮಿನಿಯಂ ಪುಡಿ ಮತ್ತು ಕಬ್ಬಿಣದ ಆಕ್ಸೈಡ್ ಬೆರೆತರೆ ಅದೇ ಥರ್ಮೈಟ್. ರೈಲು ಹಳಿಗಳನ್ನು ಬೆಸೆಯಲು ಬಳಸುವ, ಉಕ್ಕನ್ನೇ ಕರಗಿಸುವ ಮಿಶ್ರಣ. ಒಂದು ದಿನ ಅಲ್ಯೂಮಿನಿಯಂ ಕತ್ತರಿಸಿ, ಮರುದಿನ ಅದೇ ದೂಳಿನ ನಡುವೆ ಕಬ್ಬಿಣದ ಕಿಡಿ ಹಾರಿಸುವುದು ಬೆಂಕಿಯನ್ನು ಕರೆದಂತೆಯೇ. ಇನ್ನೊಂದು ಕಾರಣ, ಕಬ್ಬಿಣ ಕತ್ತರಿಸಿದ ಡಿಸ್ಕನ್ನೇ ಮತ್ತೆ ಬಳಸಿದರೆ ಅದಕ್ಕೆ ಅಂಟಿದ ಕಬ್ಬಿಣದ ಕಣಗಳು ಅಲ್ಯೂಮಿನಿಯಮ್ಮಿನ ಮೈಯೊಳಗೆ ಕೂತು, ಮಳೆಗಾಲದಲ್ಲಿ ತುಕ್ಕಿನ ಚುಕ್ಕೆಗಳಾಗಿ ಎದ್ದು ಕಾಣುತ್ತವೆ. ಅಲ್ಯೂಮಿನಿಯಮ್ಮಿನ ಡಿಸ್ಕ್ ಅದಕ್ಕೇ ಮೀಸಲಿರಬೇಕು. ನನ್ನ ಡಿಸ್ಕುಗಳ ಮೇಲೆ ಮಾರ್ಕರಿನಿಂದ ‘ಅ’ ಎಂದು ಬರೆದಿಟ್ಟಿದ್ದೇನೆ.

ನಟ್ ಬಿಗಿದ ಮೇಲೆ ಡಿಸ್ಕನ್ನು ಕೈಯಿಂದ ತಿರುಗಿಸಿ ಓರೆಯಿಲ್ಲವೆಂದು ನೋಡಿ, ಬಳಿಕ ಯಾರೂ ಎದುರಿಗಿಲ್ಲದ ಕಡೆಗೆ ತಿರುಗಿಸಿಕೊಂಡು ಸುಮಾರು ಒಂದು ನಿಮಿಷ ಹೊರೆಯಿಲ್ಲದೆ ಓಡಿಸಬೇಕು. ದೋಷವಿರುವ ಡಿಸ್ಕ್ ಬಹುಮಟ್ಟಿಗೆ ಈ ನಿಮಿಷದಲ್ಲೇ ನಡುಕದ ಮೂಲಕ ತನ್ನನ್ನು ತೋರಿಸಿಕೊಳ್ಳುತ್ತದೆ.

ಮೈಮೇಲೆ ಏನಿರಬೇಕು ಎಂಬುದರಲ್ಲಿ ರಿಯಾಯಿತಿ ಇಲ್ಲ. ಕಣ್ಣಿಗೆ ಬದಿಯೂ ಮುಚ್ಚುವ ಕನ್ನಡಕ, ಅದರ ಮೇಲೆ ಮುಖ ಮುಚ್ಚುವ ಪಾರದರ್ಶಕ ಶೀಲ್ಡ್. ಡಿಸ್ಕ್ ಒಡೆದಾಗ ಬರೀ ಕನ್ನಡಕ ದವಡೆಯನ್ನೂ ಕುತ್ತಿಗೆಯನ್ನೂ ಕಾಯಲಾರದು. ಮೂಗಿಗೆ ಎನ್‌95 ಮಾಸ್ಕ್, ಕಿವಿಗೆ ಮಫ್, ಕೈಗೆ ಬೆರಳಿಗೆ ಹತ್ತಿ ಕೂರುವ ಚರ್ಮದ ಗ್ಲೌಸ್, ಕಾಲಿಗೆ ಶೂ. ಲುಂಗಿ, ಪಂಚೆ, ಹೆಗಲ ಮೇಲಿನ ಟವೆಲು, ಸಡಿಲವಾದ ಹತ್ತಿ ಗ್ಲೌಸ್ ಇವೆಲ್ಲ ಡಿಸ್ಕಿಗೆ ಸುತ್ತಿಕೊಳ್ಳುವ ವಸ್ತುಗಳು. ಮನೆಯ ಅಂಗಳದಲ್ಲಿ ಲುಂಗಿಯುಟ್ಟೇ ಗ್ರೈಂಡರ್ ಹಿಡಿಯುವುದನ್ನು ನಾವೆಲ್ಲ ಸಹಜವೆಂದುಕೊಂಡುಬಿಟ್ಟಿದ್ದೇವೆ, ದಯವಿಟ್ಟು ಹಾಗೆ ಮಾಡಬೇಡಿ.

ಕತ್ತರಿಕೆ

ಮೊದಲು ಕತ್ತರಿಸುವ ಜಾಗಕ್ಕೆ ಕಾಗದದ ಟೇಪು ಸುತ್ತಿ, ಮೂಲೆಮಟ್ಟವನ್ನಿಟ್ಟು ನಾಲ್ಕೂ ಮುಖಗಳ ಮೇಲೆ ಗೆರೆ ಎಳೆದೆ. ನಾಲ್ಕನೆಯ ಮುಖದ ಗೆರೆ ಮೊದಲನೆಯದನ್ನು ಸರಿಯಾಗಿ ಕೂಡಿದರೆ ಮಾತ್ರ ಗುರುತು ನೇರವಾಗಿದೆಯೆಂದು ಅರ್ಥ. ಪೈಪನ್ನು ವೈಸಿನಲ್ಲಿ ಹಿಡಿಯುವಾಗ ಎರಡೂ ಕಡೆ ಮರದ ತುಂಡಿಟ್ಟು, ಹಿಡಿತ ಬೀಳುವ ಜಾಗದಲ್ಲಿ ಪೈಪಿನೊಳಕ್ಕೂ 22 ಮಿ.ಮೀ.ನ ಮರದ ಕಡ್ಡಿ ತೂರಿಸಿದೆ, ಇಲ್ಲದಿದ್ದರೆ 1.5 ಮಿ.ಮೀ. ಗೋಡೆ ಒಳಕ್ಕೆ ಬಾಗುತ್ತದೆ. ಗೆರೆ ವೈಸಿನ ಬಾಯಿಗೆ ಆದಷ್ಟು ಹತ್ತಿರವಿರಬೇಕು, ದೂರವಿದ್ದರೆ ಪೈಪು ಕಂಪಿಸಿ ಡಿಸ್ಕಿನ ಮೇಲೆ ಬಡಿಯುತ್ತದೆ. ಉದ್ದದ ಭಾಗಕ್ಕೆ ಸ್ಟೂಲಿನ ಆಸರೆ ಕೊಟ್ಟೆ. ತುಂಡಾಗಿ ಬೀಳುವ ಭಾಗವನ್ನು ಮಾತ್ರ ಎಲ್ಲೂ ಬಿಗಿಯಬಾರದು. ಎರಡೂ ತುದಿಗಳಿಗೆ ಆಸರೆ ಕೊಟ್ಟು ನಡುವೆ ಕತ್ತರಿಸಿದರೆ ಪೈಪು ಜೋತು ಸಂದು ಮುಚ್ಚಿಕೊಳ್ಳುತ್ತದೆ, ಒಳಗಿರುವ ಡಿಸ್ಕ್ ಸಿಕ್ಕಿಬೀಳುತ್ತದೆ.

ಗ್ರೈಂಡರನ್ನು ಯಾವ ದಿಕ್ಕಿಗೆ ಸಾಗಿಸಬೇಕು ಎಂಬ ವಿಷಯವನ್ನು ಹೇಳಿಕೊಡುವವರು ಕಡಿಮೆ. ಪುಡಿ ಯಾವ ಕಡೆಗೆ ಚಿಮ್ಮುತ್ತದೆಯೋ ಅದೇ ಕಡೆಗೆ ಗ್ರೈಂಡರ್ ಮುಂದುವರಿಯಬೇಕು. ಇದಕ್ಕೆ ವಿರುದ್ಧವಾಗಿ ಸಾಗಿಸಿದರೆ, ಮಣ್ಣನ್ನು ಹಿಂದಕ್ಕೆ ಎಸೆಯುತ್ತ ಮುಂದಕ್ಕೆ ಓಡುವ ಗಾಡಿಯ ಚಕ್ರದಂತೆ ಡಿಸ್ಕ್ ತಾನಾಗಿಯೇ ಓಡತೊಡಗಿ ಸಂದಿನಿಂದ ಮೇಲಕ್ಕೆ ಹತ್ತಿಬಿಡುತ್ತದೆ. ಪುಡಿ ನನ್ನಿಂದ ಆಚೆಗೆ ಚಿಮ್ಮುವಂತೆ ಗ್ರೈಂಡರನ್ನು ಹಿಡಿದು, ಆಚೆಗೇ ತಳ್ಳುತ್ತ ಹೋದೆ. ಗಾರ್ಡ್ ನನಗೂ ಡಿಸ್ಕಿಗೂ ನಡುವೆ, ಎರಡೂ ಕೈ ಯಂತ್ರದ ಮೇಲೆ, ಬದಿಯ ಹಿಡಿಯನ್ನು ಬಿಚ್ಚದೆ, ದೇಹ ಡಿಸ್ಕಿನ ನೇರಕ್ಕೆ ಬಾರದಂತೆ ಒಂದು ಪಕ್ಕಕ್ಕೆ.

ಚೌಕ ಪೈಪನ್ನು ಒಂದೇ ಏಟಿಗೆ ಆರಪಾರ ಕತ್ತರಿಸದೆ, ಒಂದೊಂದು ಗೋಡೆಯನ್ನೇ ಕತ್ತರಿಸಿ ಪೈಪನ್ನು ತಿರುಗಿಸಿಕೊಂಡೆ. ಹೀಗೆ ಮಾಡಿದಾಗ ಡಿಸ್ಕಿನ ಸಣ್ಣ ಭಾಗವಷ್ಟೇ ಲೋಹಕ್ಕೆ ತಾಗುತ್ತದೆ, ಬಿಸಿ ಕಡಿಮೆ, ಸಿಕ್ಕಿಬೀಳುವ ಭಯವೂ ಕಡಿಮೆ, ನಾಲ್ಕೂ ಕಡೆ ಗೆರೆ ಕಣ್ಣೆದುರೇ ಇರುತ್ತದೆ. ಪ್ರತಿ ಗೋಡೆಯಲ್ಲೂ ಮೊದಲು ಹಗುರವಾಗಿ ಗೀರಿ ದಾರಿ ಮಾಡಿಕೊಂಡು, ಎರಡನೆಯ ಸಲ ಅದರೊಳಗೇ ಇಳಿಸಿದೆ. ಒಮ್ಮೆ ಸಂದಿನೊಳಗೆ ಇಳಿದ ಡಿಸ್ಕನ್ನು ಓರೆ ಮಾಡಿ ಗೆರೆಗೆ ತರಲು ಪ್ರಯತ್ನಿಸಬಾರದು. ತೆಳು ಡಿಸ್ಕಿನ ಬಲವೆಲ್ಲ ಅಂಚಿನ ನೇರಕ್ಕೆ ಇರುವುದು, ಪಕ್ಕದ ಒತ್ತಡವನ್ನು ಅದು ತಾಳುವುದಿಲ್ಲ. ಅದೇ ಕಾರಣಕ್ಕೆ ಕಟಿಂಗ್ ಡಿಸ್ಕಿನ ಚಪ್ಪಟೆ ಮೈಯಿಂದ ಅಂಚು ಉಜ್ಜುವುದೂ ನಿಷಿದ್ಧ.

ಕಿಡಿಯಿಲ್ಲದ ಈ ಕೆಲಸದಲ್ಲಿ ನಂಬಬಹುದಾದದ್ದು ಕಿವಿಯನ್ನು. ಚೆನ್ನಾಗಿ ಕತ್ತರಿಸುತ್ತಿರುವ ಡಿಸ್ಕಿನ ಸದ್ದು ಮಫ್ ಹಾಕಿಕೊಂಡಿದ್ದರೂ ಒಂದೇ ಶ್ರುತಿಯಲ್ಲಿ ಕೇಳುತ್ತಿರುತ್ತದೆ. ಲೋಹ ಮೆತ್ತಿಕೊಂಡಾಗ ಸದ್ದು ತಗ್ಗುತ್ತದೆ, ಕೈಗೆ ಜಾರಿದ ಅನುಭವವಾಗುತ್ತದೆ. ಆಗ ಒತ್ತದೆ ಹೊರಗೆಳೆದು, ಕೆಲವು ಸೆಕೆಂಡು ಬರಿದೇ ತಿರುಗಲು ಬಿಟ್ಟು, ನಿಲ್ಲಿಸಿ ಅಂಚನ್ನು ನೋಡಬೇಕು. ಬೆಳ್ಳಿಯ ಪಟ್ಟಿ ಸುತ್ತಲೂ ಕೂತಿದ್ದರೆ ಹೊಸ ಡಿಸ್ಕ್ ಹಾಕುವುದೇ ಸರಿ. ಮೆತ್ತಿಕೊಳ್ಳುವುದನ್ನು ತಡೆಯಲು, ಯಂತ್ರ ನಿಂತಿರುವಾಗ ಪೈಪಿನ ಗೆರೆಯ ಮೇಲೆ ಮೇಣದ ಬತ್ತಿಯನ್ನು ಉಜ್ಜಿದ್ದು ಬಹಳ ಉಪಕಾರವಾಯಿತು. ಅಲ್ಯೂಮಿನಿಯಮ್ಮಿಗೆ ಸೀಮೆಎಣ್ಣೆ ಹಚ್ಚುವ ರೂಢಿ ಹ್ಯಾಕ್ಸಾ ಮತ್ತು ಡ್ರಿಲ್ಲಿನ ಕೆಲಸದ್ದು. ಗ್ರೈಂಡರಿನ ಹತ್ತಿರ ಸೀಮೆಎಣ್ಣೆಯನ್ನಾಗಲಿ, ಡಬ್ಬಿಯಿಂದ ಸಿಂಪಡಿಸುವ ಎಣ್ಣೆಯನ್ನಾಗಲಿ ತರಕೂಡದು.

ಕತ್ತರಿಸಿದ ತುಂಡನ್ನು ತಕ್ಷಣ ಮುಟ್ಟಬಾರದು. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ನಾಲ್ಕು ಪಟ್ಟು ಚೆನ್ನಾಗಿ ಶಾಖ ಸಾಗಿಸುವುದರಿಂದ ಅಂಚು ಮಾತ್ರವಲ್ಲ, ಗೇಣುದ್ದದ ಆಚೆಗೂ ಬಿಸಿ ಹರಡಿರುತ್ತದೆ. 660 ಡಿಗ್ರಿಗೆ ಕರಗಿ ನೀರಾಗುವವರೆಗೂ ಅದು ಬಣ್ಣ ಬದಲಿಸಿ ತೋರಿಸುವುದಿಲ್ಲ.

ಆ್ಯಂಗಲ್ಲಿನ ತುಂಡುಗಳು ಸುಲಭವಾದವು: ಮರದ ಹಲಗೆಯ ಅಂಚಿಗೆ ಎಲ್ ಆಕಾರವನ್ನು ಕವುಚಿ, ಸಿ ಕ್ಲ್ಯಾಂಪ್ ಬಿಗಿದು, ಎರಡು ಮುಖಗಳನ್ನು ಒಂದಾದ ಮೇಲೊಂದು ಕತ್ತರಿಸಿದೆ. ಹಿಂಬದಿಗೆ ಓರೆಯಾಗಿ ಹಾಕಲು ಬೇಕಿದ್ದ 3 ಮಿ.ಮೀ. ದಪ್ಪದ ಪಟ್ಟಿಯನ್ನು ಹ್ಯಾಕ್ಸಾದಲ್ಲೇ ಕೊಯ್ದೆ. ಒಂದೆರಡು ಕತ್ತರಿಕೆಯಷ್ಟೇ ಇದ್ದರೆ ಇಂಚಿಗೆ 24 ಅಥವಾ 32 ಹಲ್ಲಿನ ಹ್ಯಾಕ್ಸಾ ಬ್ಲೇಡೇ ಉತ್ತಮವೆಂಬುದು ನನ್ನ ಅಭಿಪ್ರಾಯ. ಗ್ರೈಂಡರನ್ನು ಸಜ್ಜುಗೊಳಿಸುವಷ್ಟರಲ್ಲಿ ಕೈಯಲ್ಲೇ ಕೊಯ್ದು ಮುಗಿದಿರುತ್ತದೆ.

ಅಂಚು, ಜೋಡಣೆ, ದೂಳು

ಕತ್ತರಿಸಿದ ಬಾಯಿಯ ಒಳಗೂ ಹೊರಗೂ ಬ್ಲೇಡಿನಷ್ಟು ಚೂಪಾದ ಲೋಹದ ಏಣು ಎದ್ದಿರುತ್ತದೆ. ಒರಟು ಅರದಿಂದ ಹೊರ ಅಂಚನ್ನು ಗೆರೆಗೆ ತಂದು, ಸಣ್ಣ ಚಪ್ಪಟೆ ಅರದಿಂದ ಒಳ ಅಂಚನ್ನು ಸವರಿದೆ. ಅರದ ಹಲ್ಲುಗಳಿಗೆ ಮೊದಲೇ ಸೀಮೆಸುಣ್ಣ ಉಜ್ಜಿಕೊಂಡರೆ ಅಲ್ಯೂಮಿನಿಯಂ ಅಂಟುವುದಿಲ್ಲ. ಒಳ ಅಂಚನ್ನು ಹಾಗೇ ಬಿಟ್ಟರೆ ನೈಲಾನ್ ಜೋಡಣೆಯನ್ನು ತೂರಿಸುವಾಗ ಅದರ ಮೈ ಸೀಳಿ ಹಿಡಿತ ಸಡಿಲವಾಗುತ್ತದೆ. ಎಂಟು ಮೂಲೆಗಳನ್ನು ಮರದ ಸುತ್ತಿಗೆಯಿಂದ ಕೂರಿಸಿ, ಕರ್ಣಗಳ ಅಳತೆ ಎರಡೂ ಒಂದೇ ಇದೆಯೆಂದು ನೋಡಿ, ಓರೆ ಪಟ್ಟಿಯನ್ನೂ ಹತ್ತು ಆ್ಯಂಗಲ್ ತುಂಡುಗಳನ್ನೂ 4 ಮಿ.ಮೀ. ಪಾಪ್ ರಿವೆಟ್ಟಿನಿಂದ ಬಿಗಿದೆ. ರಿವೆಟ್ಟಿನ ತೂತಿಗೆ 4.1 ಮಿ.ಮೀ. ಬಿಟ್. ಸ್ಟ್ಯಾಂಡಿನ ಹೊರ ಅಳತೆ 900 ಮಿ.ಮೀ. ಅಗಲ, 370 ಮಿ.ಮೀ. ಆಳ, 1,550 ಮಿ.ಮೀ. ಎತ್ತರ ಬಂತು. ತಟ್ಟೆಗಳಿಗೆ ಮರದ ಚೌಕಟ್ಟು ಮತ್ತು ನೈಲಾನ್ ಜಾಳಿಗೆ ಹಾಕಿದ್ದರಿಂದ ಹಪ್ಪಳ ಲೋಹಕ್ಕೆ ತಾಗುವುದಿಲ್ಲ.

ಕೊನೆಯ ಕೆಲಸ ದೂಳಿನದು. ನುಣ್ಣಗಿನ ಅಲ್ಯೂಮಿನಿಯಂ ದೂಳು ಗಾಳಿಯಲ್ಲಿ ತೇಲಿದಾಗ ಹೊತ್ತಿಕೊಂಡು ಸ್ಫೋಟಿಸಬಲ್ಲದು, ಒದ್ದೆಯಾಗಿ ಮುಚ್ಚಿದ ಡಬ್ಬಿಯಲ್ಲಿದ್ದರೆ ನೀರಿನೊಡನೆ ವರ್ತಿಸಿ ಹೈಡ್ರೋಜನ್ ಅನಿಲ ಬಿಡುತ್ತದೆ. ಹೀಗಾಗಿ ಬಾಯಿಯಿಂದ ಊದದೆ, ಮನೆಯ ವ್ಯಾಕ್ಯೂಮ್ ಕ್ಲೀನರನ್ನು ಬಳಸದೆ, ಮೆತ್ತಗಿನ ಪೊರಕೆಯಿಂದ ನಿಧಾನವಾಗಿ ಗುಡಿಸಿ, ಒಣಗಿದ ತಗಡಿನ ಡಬ್ಬಿಗೆ ಹಾಕಿ, ಮುಚ್ಚಳವನ್ನು ಬಿಗಿಯದೆ ಹೊರಗಡೆ ಮಳೆ ತಾಗದ ಜಾಗದಲ್ಲಿ ಇಟ್ಟೆ. ಕೆಲಸ ನಡೆಯುವಾಗ ಹತ್ತಿರದಲ್ಲೇ ಒಣ ಮರಳಿನ ಬಕೆಟ್ ಇತ್ತು. ಲೋಹದ ಪುಡಿಗೆ ಬೆಂಕಿ ಹತ್ತಿದರೆ ನೀರು ಸುರಿಯಬಾರದು, ಮರಳು ಮುಚ್ಚಬೇಕು. ಗ್ರೈಂಡರಿನ ಗಾಳಿಯ ಕಿಂಡಿಗಳಲ್ಲಿ ಕೂತ ಪುಡಿ ವಿದ್ಯುತ್ತನ್ನು ಹರಿಸುವಂಥದ್ದಾದ್ದರಿಂದ ಪ್ಲಗ್ ಕಿತ್ತು ಅದನ್ನೂ ಬ್ರಷ್ಷಿನಿಂದ ತೆಗೆದೆ. ಗಾರ್ಡಿನ ಒಳಮೈಯನ್ನು ಮತ್ತೊಮ್ಮೆ ಒರೆಸಿ, ಉಳಿದ ಅಲ್ಯೂಮಿನಿಯಂ ಡಿಸ್ಕುಗಳನ್ನು ಡಬ್ಬಿಗೆ ಹಾಕಿ, ಸವೆದು ಸಣ್ಣದಾದದ್ದನ್ನು ಎರಡು ತುಂಡು ಮಾಡಿ ಎಸೆದೆ. ಇಡಿಯಾಗಿ ಬಿಟ್ಟರೆ ಯಾರಾದರೂ ಅದನ್ನೇ ಎತ್ತಿಕೊಂಡು ಮತ್ತೆ ಗ್ರೈಂಡರಿಗೆ ಹಾಕಬಹುದು.